ಪಾಸ್ತಾದ ಕಟ್ಟು

ಹೋಟೆಲಿನ ಪಾಸ್ತಾದ ಹೊಳಪು ಮನೆಯ ಪಾಸ್ತಾಕ್ಕೆ ಯಾಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಸಿಂಕಿನ ಪೈಪಿನಲ್ಲಿ ಇಳಿದುಹೋಗಿರುತ್ತದೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಬಸ್ಸಾರು ಮಾಡುವ ಸೀಮೆಯವರೂ ಪಾಸ್ತಾ ಎಂದ ಕೂಡಲೇ ಅದರ ಕಟ್ಟನ್ನು ಚೆಲ್ಲಿ, ಸಾಲದ್ದಕ್ಕೆ ಎಳೆಗಳನ್ನು ತಣ್ಣೀರಿನಲ್ಲಿ ತೊಳೆದು, ಅಂಟಬಾರದೆಂದು ಎಣ್ಣೆಯನ್ನೂ ಸವರುತ್ತಾರೆ. ಇಷ್ಟಾದ ಮೇಲೆ ಯಾವ ಸಾಸೂ ಅದಕ್ಕೆ ಹಿಡಿಯುವುದಿಲ್ಲ. ರೋಮಿನ ಹೋಟೆಲುಗಳಲ್ಲಿ ಒಂದೇ ಹಂಡೆ ನೀರಿನಲ್ಲಿ ಸಂಜೆಯಿಡೀ ತಟ್ಟೆ ತಟ್ಟೆ ಪಾಸ್ತಾ ಬೇಯುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ ಆ ನೀರು ತೆಳು ಗಂಜಿಯಷ್ಟು ಮಂದವಾಗಿರುತ್ತದೆ. ಅಡುಗೆಯವರು ಬಾಣಲೆಗೆ ಒಂದು ಸೌಟು ಸುರಿಯುವುದು ಅದನ್ನೇ. ನಾವು ಪುಸ್ತಕ ನೋಡಿ ನಾಲ್ಕು ಲೀಟರ್ ನೀರಿಗೆ 200 ಗ್ರಾಂ ಪಾಸ್ತಾ ಹಾಕಿದರೆ ಅದರಲ್ಲಿ ಪಿಷ್ಟ ಎಲ್ಲಿಂದ ಬರಬೇಕು?

ಹೋಟೆಲಿನ ತಿನಿಸನ್ನು ಮನೆಯಲ್ಲಿ ಮಾಡುವುದಕ್ಕೆ ಸಂಕೋಚವೇನೂ ಬೇಡ. ಅಗಲ ಪಟ್ಟಿಯಂಥ ಪಾಸ್ತಾಕ್ಕೆ ಬೆಣ್ಣೆ, ಚೀಸ್ ಕಲಸಿದ, ಜಗತ್ತಿಡೀ ಹೆಸರಾದ ಫೆಟ್ಟುಚಿನಿ ಆಲ್ಫ್ರೆಡೊ ಹೊರಟದ್ದೇ ಮನೆಯಿಂದ. ರೋಮಿನ ಆಲ್ಫ್ರೆಡೊ ಡಿ ಲೇಲಿಯೊ 1908ರ ಸುಮಾರಿಗೆ, ಹೆರಿಗೆಯಾಗಿ ಊಟ ಸೇರದೆ ಸೊರಗಿದ್ದ ಹೆಂಡತಿಗೆಂದು ಬೆಣ್ಣೆ ಮತ್ತು ಪಾರ್ಮೆಸಾನ್ ಚೀಸ್ ಹೆಚ್ಚಾಗಿ ಹಾಕಿ ಕಲಸಿಕೊಟ್ಟ ಎನ್ನುವುದು ಆ ಮನೆತನದ ಕಥೆ. ನಮ್ಮ ಬಾಣಂತಿ ಊಟದ ತುಪ್ಪದನ್ನಕ್ಕೆ ಇದು ನೆಂಟನೇ ಸರಿ. 1914ರಲ್ಲಿ ಅವನು ತನ್ನದೇ ಹೋಟೆಲು ತೆರೆದ. 1920ರಲ್ಲಿ ಮಧುಚಂದ್ರಕ್ಕೆ ಬಂದ ಹಾಲಿವುಡ್ ತಾರೆಯರಾದ ಮೇರಿ ಪಿಕ್‌ಫರ್ಡ್ ಮತ್ತು ಡಗ್ಲಸ್ ಫೇರ್‌ಬ್ಯಾಂಕ್ಸ್ ಅದನ್ನು ತಿಂದು ಮರುಳಾದರು, ಮುಂದೆ ಚಿನ್ನದ ಚಮಚ, ಫೋರ್ಕು ಉಡುಗೊರೆ ಕೊಟ್ಟರು ಎಂಬ ಪ್ರಚಾರ ಅಮೆರಿಕದವರೆಗೂ ಹೋಯಿತು. ಅಲ್ಲಿ ಅದಕ್ಕೆ ಕ್ರೀಮ್, ಬೆಳ್ಳುಳ್ಳಿ, ಚಿಕನ್ ಎಲ್ಲ ಸೇರಿ ಬೇರೆಯೇ ತಿನಿಸಾಯಿತು. ರೋಮಿನ ಮೂಲ ತಟ್ಟೆಯಲ್ಲಿ ಇದ್ದದ್ದು ಬೆಣ್ಣೆ, ಚೀಸ್, ಕಟ್ಟು, ಅಷ್ಟೇ.

ಹಾಗೆಂದು ಆಲ್ಫ್ರೆಡೊನೇ ಇದನ್ನು ಕಂಡುಹಿಡಿದ ಎಂದೂ ಅಲ್ಲ. 15ನೇ ಶತಮಾನದ ಬಾಣಸಿಗ ಮಾರ್ಟಿನೊ, ರೋಮಿನ ರೀತಿಯ ಮಕರೋನಿಯನ್ನು ಬೆಣ್ಣೆ, ಚೀಸ್, ಮಸಾಲೆ ಹಾಕಿ ಬಡಿಸಲು ಆಗಲೇ ಬರೆದಿಟ್ಟಿದ್ದಾನೆ. ಸಿಸಿಲಿ ರೀತಿಯದನ್ನು ಎರಡು ಗಂಟೆ ಬೇಯಿಸಿ ಅಂತಲೂ ಅವನೇ ಹೇಳುತ್ತಾನೆ. ಪಾಸ್ತಾ ಒಂದು ನಿಮಿಷ ಹೆಚ್ಚು ಬೆಂದರೆ ಮುಖ ಕಿವಿಚುವ ಇಂದಿನ ಇಟಾಲಿಯನ್ನರು ಇದನ್ನು ಹೆಚ್ಚು ನೆನೆಯುವುದಿಲ್ಲ. ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಎಂಬ ಕಥೆಯೂ ನಿಲ್ಲುವುದಿಲ್ಲ. ಅವನು ವೆನಿಸ್‌ಗೆ ಮರಳಿದ್ದು 1295ರಲ್ಲಿ. ಜಿನೋವಾದಲ್ಲಿ ಒಬ್ಬ ಸೈನಿಕನ ಆಸ್ತಿಪಟ್ಟಿಯಲ್ಲಿ ಒಂದು ಪೆಟ್ಟಿಗೆ ಮಕರೋನಿ ನಮೂದಾದದ್ದು 1279ರಲ್ಲಿ. ಅದಕ್ಕೂ ಮೊದಲೇ, 1154ರಲ್ಲಿ, ಸಿಸಿಲಿಯ ತ್ರಾಬಿಯಾದಲ್ಲಿ ಶಾವಿಗೆ ತಯಾರಾಗಿ ಹಡಗು ಹತ್ತುತ್ತಿದ್ದುದನ್ನು ಅರಬ್ ಭೂಗೋಳಜ್ಞ ಅಲ್ ಇದ್ರಿಸಿ ಬರೆದಿದ್ದಾನೆ. ಇನ್ನು ಮೊಟ್ಟೆ, ಚೀಸ್, ಉಪ್ಪು ಹಾಕಿದ ಹಂದಿಮಾಂಸದ ಪಾಸ್ತಾ ಕಾರ್ಬೊನಾರಾ! ಅದರಲ್ಲಿ ಕುರಿಹಾಲಿನ ಪೆಕೊರಿನೊ ಬಿಟ್ಟು ಬೇರೆ ಚೀಸ್ ಬಿದ್ದರೆ ಕೋರ್ಟಿಗೇ ಹೋಗುವವರ ಹಾಗೆ ಜಗಳ ಆಡುತ್ತಾರೆ. 1954ರಲ್ಲಿ ಇಟಲಿಯದೇ ಅಡುಗೆ ಪತ್ರಿಕೆಯೊಂದು ಅಚ್ಚು ಹಾಕಿದ ಕಾರ್ಬೊನಾರಾದಲ್ಲಿ ಬೆಳ್ಳುಳ್ಳಿಯೂ ಇತ್ತು, ಸ್ವಿಟ್ಜರ್ಲೆಂಡಿನ ಗ್ರುಯೇರ್ ಚೀಸೂ ಇತ್ತು. ಎಲ್ಲ ಊರಿನ ಹಾಗೆ ಅಲ್ಲೂ ‘ಅನಾದಿ ಕಾಲದಿಂದ’ ಎಂದರೆ ಅಜ್ಜಿಯ ಕಾಲದಿಂದ.

ಮನೆಯಲ್ಲಿ ಮಾಡಲು ಸುಲಭ ಅನ್ನಿಸಿ ಕೈ ಕೊಡುವುದರಲ್ಲಿ ರೋಮಿನ ಕಾಚೊ ಎ ಪೆಪೆಯನ್ನು ಮೀರಿಸುವುದು ಇನ್ನೊಂದಿಲ್ಲ. ಕುರಿಹಾಲಿನ ಪೆಕೊರಿನೊ ರೊಮಾನೊ ಚೀಸ್, ಕರಿಮೆಣಸು, ಸ್ಪಗೆಟಿ, ಮುಗಿಯಿತು. ಮೆಣಸಿನ ಮಾತು ಬಂದಾಗ ನಮ್ಮವರು ಸ್ವಲ್ಪ ಎದೆ ಉಬ್ಬಿಸಬಹುದು. 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. 1623ರಲ್ಲಿ ಗೇರುಸೊಪ್ಪೆ ಹಾದು ಇಕ್ಕೇರಿಗೆ ಹೋದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅಸಲಿ ರೋಮಿನವನು. ಅಷ್ಟರಲ್ಲಿ ಆ ಪಟ್ಟಣದ ವೈಭವ ಮುಗಿದಿತ್ತು. ಆದರೂ ಮೆಣಸಿನ ರಾಣಿ ಎಂಬ ಹೆಸರನ್ನು ಅವನು ಬರೆದಿಟ್ಟುಕೊಂಡ. ಶಿರಸಿ, ಸಿದ್ದಾಪುರದ ಮೆಣಸನ್ನು ಈ ತಟ್ಟೆಗೆ ಹಾಕಿದರೆ ಯಾರೂ ಬೇಡ ಎನ್ನುವಂತಿಲ್ಲ.

ಕೈ ಕೊಡುವುದು ಹೇಗೆಂದರೆ, ಚೀಸ್ ಕೆನೆಯಾಗುವ ಬದಲು ಉಂಡೆ ಕಟ್ಟಿ ರಬ್ಬರಿನ ಹಾಗೆ ಚಮಚಕ್ಕೆ ಸುತ್ತಿಕೊಳ್ಳುತ್ತದೆ, ಸುತ್ತ ತಿಳಿನೀರು ನಿಲ್ಲುತ್ತದೆ. ಕಾರಣ ಬಿಸಿ. ಸುಮಾರು 65 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚೀಸಿನ ಪ್ರೋಟೀನು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ನಡುವೆ ಪಿಷ್ಟ ಅಡ್ಡ ನಿಂತರೆ ಹಿಡಿದುಕೊಳ್ಳಲಾಗುವುದಿಲ್ಲ. ಇದನ್ನು ಇಟಲಿ ಮೂಲದ ಭೌತವಿಜ್ಞಾನಿಗಳ ಗುಂಪೊಂದು ಕೂತು ಅಳೆಯಿತು. ಚೀಸಿನ ತೂಕದ ನೂರಕ್ಕೆ 2ರಿಂದ 3 ಪಾಲು ಪಿಷ್ಟ ಇದ್ದರೆ ಸಾಸು ಒಡೆಯುವುದಿಲ್ಲ, 1ಕ್ಕಿಂತ ಕಡಿಮೆಯಾದರೆ ಉಂಡೆ ಖಚಿತ ಎಂದು ತೋರಿಸಿತು. ಆ ಕೆಲಸಕ್ಕೆ 2025ರ ಇಗ್ ನೊಬೆಲ್ ಪ್ರಶಸ್ತಿಯೂ ಬಂತು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಪ್ರಶಸ್ತಿ ಅದು. ಈ ತಿನಿಸಿಗೆ ತಕ್ಕ ಮರ್ಯಾದೆ.

ಇಬ್ಬರಿಗೆ ಹೀಗೆ ಮಾಡಿ. ಒಂದು ಮಟ್ಟ ಟೀ ಚಮಚ ಕಾರ್ನ್‌ಫ್ಲೋರ್, ಅಂದರೆ 3 ಗ್ರಾಂನಷ್ಟು, ಮೂರು ದೊಡ್ಡ ಚಮಚ ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಬಿಳಿ ಬಣ್ಣ ಹೋಗಿ ಅರೆಪಾರದರ್ಶಕ ಗಂಜಿಯಾದಾಗ ಇಳಿಸಿ, ಬೆರಳು ತಾಳುವಷ್ಟು ಆರಲಿ. 120 ಗ್ರಾಂ ಪೆಕೊರಿನೊವನ್ನು ತುರಿಮಣೆಯ ಅತಿ ಸಣ್ಣ ಕಣ್ಣಿನಲ್ಲಿ ತುರಿದು, ಅದರಲ್ಲಿ ಕಲಸಿ ಪೇಸ್ಟ್ ಮಾಡಿಟ್ಟುಕೊಳ್ಳಿ. ಗಟ್ಟಿ ಎನಿಸಿದರೆ ಒಂದು ಚಮಚ ತಣ್ಣೀರು. ಎರಡು ಟೀ ಚಮಚ ಕಾಳುಮೆಣಸನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ನುಣ್ಣಗಿನ ಮೆಣಸಿನ ಪುಡಿ ಹಾಕಿದರೆ ಸಾಸು ಬೂದಿಬಣ್ಣಕ್ಕೆ ತಿರುಗುತ್ತದೆ, ಘಮವೂ ಇರುವುದಿಲ್ಲ. ಒಂದೂವರೆ ಲೀಟರ್ ನೀರು ಮಾತ್ರ ಕುದಿಸಿ, ಒಂದೂವರೆ ಟೀ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ, ಪೆಕೊರಿನೊದಲ್ಲೇ ಉಪ್ಪು ಧಾರಾಳ. 200 ಗ್ರಾಂ ಸ್ಪಗೆಟಿ ಹಾಕಿ ಮೊದಲ ಒಂದು ನಿಮಿಷ ಬಿಡದೆ ತಿರುಗಿಸಿ. ಎಳೆಗಳು ಅಂಟುವುದು ಆ ಒಂದು ನಿಮಿಷದಲ್ಲೇ, ಎಣ್ಣೆ ಹಾಕಿದರೆ ಅದು ಮೇಲೆ ತೇಲುತ್ತದೆಯೇ ಹೊರತು ತಡೆಯುವುದಿಲ್ಲ.

ಅದು ಬೇಯುವಾಗ ಅಗಲ ಬಾಣಲೆಯಲ್ಲಿ ಮೆಣಸನ್ನು ಹಾಗೆಯೇ, ಎಣ್ಣೆ ತುಪ್ಪ ಏನೂ ಇಲ್ಲದೆ, ಒಂದು ನಿಮಿಷ ಹುರಿಯಿರಿ. ಮೂಗಿಗೆ ಘಾಟು ತಾಕಿದ ಕೂಡಲೇ ಒಂದು ಸೌಟು ಕಟ್ಟು ಹಾಕಿ ಕುದಿಯಲು ಬಿಡಿ. ಪ್ಯಾಕಿನ ಮೇಲೆ ಬರೆದ ಸಮಯಕ್ಕೆ ಎರಡು ನಿಮಿಷ ಮೊದಲೇ ಪಾಸ್ತಾವನ್ನು ಇಕ್ಕಳದಲ್ಲಿ ಎತ್ತಿ ಬಾಣಲೆಗೆ ಹಾಕಿ, ಮೆಣಸಿನ ನೀರಿನಲ್ಲೇ ಬೇಯುವುದನ್ನು ಮುಗಿಸಿ. ಪಾತ್ರೆಯಲ್ಲಿ ಉಳಿದ ಕಟ್ಟು ಚೆಲ್ಲಬೇಡಿ. ಈಗ ಉರಿ ಆರಿಸಿ. ಪೂರ್ತಿ ಒಂದು ನಿಮಿಷ ಕಾಯಿರಿ, ಈ ಅಡುಗೆಯ ಕಷ್ಟದ ಭಾಗ ಇದೇ. ಆಮೇಲೆ ಚೀಸ್ ಪೇಸ್ಟ್ ಹಾಕಿ, ಬಾಣಲೆ ವಾಲಿಸಿ, ಕೈ ನಿಲ್ಲಿಸದೆ ಕಲಸಿ. ಮೊದಲು ಗಂಟುಗಂಟಾಗಿ ಕಾಣುತ್ತದೆ, ಗಾಬರಿ ಬೇಡ. ಕಟ್ಟನ್ನು ಒಂದೊಂದೇ ಚಮಚ ಸೇರಿಸುತ್ತ ಹೋದರೆ ಅರ್ಧ ನಿಮಿಷದಲ್ಲಿ ಸಡಿಲವಾಗುತ್ತದೆ. ಹದ ನೋಡಲು ಬಾಣಲೆಯ ತಳದಲ್ಲಿ ಚಮಚ ಎಳೆಯಿರಿ: ಗೆರೆ ಮೂಡಿ, ನಿಧಾನವಾಗಿ ಮುಚ್ಚಿಕೊಳ್ಳಬೇಕು. ತಟ್ಟನೆ ಮುಚ್ಚಿದರೆ ನೀರು ಹೆಚ್ಚು, ಮುಚ್ಚದಿದ್ದರೆ ಇನ್ನೊಂದು ಚಮಚ ಕಟ್ಟು. ತಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಬಡಿಸಿ. ತಣ್ಣನೆಯ ಸ್ಟೀಲ್ ತಟ್ಟೆಯಲ್ಲಿ ಎರಡೇ ನಿಮಿಷಕ್ಕೆ ಎಲ್ಲ ಸೆಟೆದುಕೊಳ್ಳುತ್ತದೆ.

ಡಬ್ಬಿಯಲ್ಲಿ ಬರುವ ತುರಿದ ಚೀಸ್ ಈ ಕೆಲಸಕ್ಕೆ ಬಾರದು. ಪುಡಿ ಅಂಟದಿರಲೆಂದು ಅದರಲ್ಲಿ ಸೆಲ್ಯುಲೋಸ್ ಬೆರೆಸಿರುತ್ತಾರೆ, ಸಾಸು ಮರಳು ಮರಳಾಗುತ್ತದೆ. ಪ್ರೊಸೆಸ್ಡ್ ಚೀಸ್ ಕ್ಯೂಬು ಒಡೆಯುವುದೇನೂ ಇಲ್ಲ, ಆದರೆ ರುಚಿ ಸ್ಯಾಂಡ್‌ವಿಚ್ಚಿನದು. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಕರುವಿನ, ಪೆಕೊರಿನೊ ರೊಮಾನೊಗೆ ಕುರಿಮರಿಯ ಜಠರದಿಂದ ತೆಗೆದ, ಹಾಲನ್ನು ಗಟ್ಟಿಯಾಗಿಸುವ ರೆನೆಟ್ ಬಳಸುವುದೇ ಅಲ್ಲಿನ ನಿಯಮ. ಬೇಡವೆನ್ನುವವರು ಹಸಿರು ಚುಕ್ಕೆ ಇರುವ, ಇಲ್ಲೇ ತಯಾರಾದ ಪಾರ್ಮೆಸಾನ್ ಶೈಲಿಯ ಗಟ್ಟಿ ಚೀಸ್ ಕೊಂಡರೆ ಕೆಲಸ ನಡೆಯುತ್ತದೆ, ಖಾರ ಉಪ್ಪು ಸ್ವಲ್ಪ ಕಮ್ಮಿ ಅನ್ನಿಸಬಹುದು.

ಇಷ್ಟು ಬಂದ ಮೇಲೆ ಆಲ್ಫ್ರೆಡೊ ಏನೂ ಕಷ್ಟವಲ್ಲ. 200 ಗ್ರಾಂ ಫೆಟ್ಟುಚಿನಿಗೆ 80 ಗ್ರಾಂ ಬೆಣ್ಣೆ, 100 ಗ್ರಾಂ ಪಾರ್ಮೆಸಾನ್. ಉಪ್ಪಿಲ್ಲದ ಬೆಣ್ಣೆಯೇ ಆಗಬೇಕು. ತುಪ್ಪ ಹಾಕಿದರೆ ಎಳೆಗಳು ಜಿಡ್ಡಾಗುತ್ತವೆ, ಕೆನೆಯಾಗುವುದಿಲ್ಲ. ಇಲ್ಲೂ ಉರಿ ಆರಿಸಿಯೇ ಚೀಸ್ ಹಾಕುವುದು. ಕ್ರೀಮಿನದೋ ಮೈದಾದ ಬಿಳಿ ಸಾಸಿನದೋ ಅನುಕೂಲ ಬೇರೆ: ಮದುವೆಮನೆಯ ಬಫೆಯಲ್ಲಿ ಒಂದು ಗಂಟೆ ಕೂತರೂ ಅದು ಒಡೆಯುವುದಿಲ್ಲ. ನೂರು ಜನಕ್ಕೆ ಬಡಿಸುವವರು ಅದನ್ನು ಮಾಡಲಿ. ಇಬ್ಬರಿಗೆ ಬಡಿಸುವವರಿಗೆ ಅದರ ಅಗತ್ಯವೇ ಇಲ್ಲ.

ಮಿಕ್ಕ ಕಾಚೊ ಎ ಪೆಪೆಯನ್ನು ಮೈಕ್ರೊವೇವಿಗೆ ಇಟ್ಟರೆ ಚೀಸ್ ಒಂದು ಕಡೆ, ಎಣ್ಣೆ ಒಂದು ಕಡೆ. ಅದರ ಬದಲು ದೋಸೆ ಕಾವಲಿಗೆ ಒಂದು ಚಮಚ ಎಣ್ಣೆ ಸವರಿ, ಫ್ರಿಜ್ಜಿನಲ್ಲಿ ಸೆಟೆದ ಪಾಸ್ತಾವನ್ನು ಬೆರಳ ದಪ್ಪಕ್ಕೆ ಒತ್ತಿ ಹರಡಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಬಿಡಿ. ಮೊಟ್ಟೆ ತಿನ್ನುವವರು ಎರಡು ಮೊಟ್ಟೆ ಒಡೆದು ಕಲಸಿಕೊಂಡರೆ ನೇಪಲ್ಸಿನವರು ಮಾಡುವ ಪಾಸ್ತಾ ಆಮ್ಲೆಟ್ಟೇ ಆಗುತ್ತದೆ. ಅಂಚು ಕೆಂಪಾಗಿ ತಾನಾಗಿ ಎದ್ದಾಗ ಮೇಲೊಂದು ತಟ್ಟೆ ಮುಚ್ಚಿ ಮಗುಚಿ, ಇನ್ನೊಂದು ಮಗ್ಗುಲನ್ನೂ ಗರಿಗರಿ ಮಾಡಿ. ಜೊತೆಗೆ ನಿಂಬೆ ಉಪ್ಪಿನಕಾಯಿ ಚೆನ್ನಾಗಿರುತ್ತದೆ, ರೋಮಿನವರಿಗೆ ಹೇಳಲು ಹೋಗಬೇಡಿ.