ಸಂತೋಷಕ್ಕೂ ಒಂದು ನಮೂನೆ

ಸಂತೋಷಕ್ಕಾಗಿ ಓದುವುದು ಇಡೀ ದೇಶಕ್ಕೇ ಅಭ್ಯಾಸವಾಗಬೇಕು ಎಂಬ ಮಾತು ಈಗ ಕೇಳಿಬರುತ್ತಿದೆ. ಓದಿನ ಹೆಸರಲ್ಲಿ ನಮಗೆ ಆಚರಣೆಗಳೇನೂ ಕಡಿಮೆಯಿಲ್ಲ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಜೂನ್ 19ಕ್ಕೆ ಕೇರಳದ ಪಿ.ಎನ್. ಪಣಿಕ್ಕರ್ ನೆನಪಿನ ಓದುವ ದಿನ ಬೇರೆ. ಪಣಿಕ್ಕರ್ ಊರೂರು ತಿರುಗಿ ಗ್ರಂಥಾಲಯ ಕಟ್ಟಿದರು. ನಾವು ಊರೂರಲ್ಲಿ ಬ್ಯಾನರ್ ಕಟ್ಟುತ್ತೇವೆ.

ಕಾರ್ಯಕ್ರಮ ಹೇಗಿರುತ್ತದೆ ಅಂತ ಈಗಲೇ ಹೇಳಬಲ್ಲೆ. ಹತ್ತಕ್ಕೆ ಉದ್ಘಾಟನೆ, ಅಂದರೆ ಹನ್ನೆರಡೂವರೆಗೆ. ನಾಡಗೀತೆ, ಹಾರ, ಶಾಲು. 'ಈಗಿನ ಮಕ್ಕಳು ಮೊಬೈಲ್ ಬಿಡೋದೇ ಇಲ್ಲ' ಎಂಬ ಭಾಷಣವನ್ನು ಮುಖ್ಯ ಅತಿಥಿಗಳು ಮೊಬೈಲ್ ನೋಡಿಕೊಂಡೇ ಓದುತ್ತಾರೆ. ಆ ದಿನ ಅಲ್ಲಿ ನಡೆಯುವ ಓದು ಅದೊಂದೇ.

ಆಮೇಲೆ ಫೋಟೊ. ಬೀರುವಿನ ಬೀಗ ತೆಗೆದು ಮಕ್ಕಳ ಕೈಗೆ ಒಂದೊಂದು ಪುಸ್ತಕ ಕೊಡುತ್ತಾರೆ. 'ಪುಸ್ತಕ ಸ್ವಲ್ಪ ಕೆಳಗೆ ಹಿಡೀರಿ, ಮುಖ ಕಾಣ್ಲಿ.' ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೈಮರೆತು ಎರಡನೇ ಪುಟ ತಿರುಗಿಸಿಬಿಡುತ್ತಾಳೆ. 'ಏಯ್, ಓದ್ಬೇಡ, ಕ್ಯಾಮೆರಾ ನೋಡು!' ಜಿಪಿಎಸ್ ಫೋಟೊ ವಾಟ್ಸಾಪ್ ಗುಂಪಿಗೆ ಹೋಯಿತೋ, ಪುಸ್ತಕಗಳನ್ನು ಎಣಿಸಿ ಒಳಗಿಟ್ಟು ಮತ್ತೆ ಬೀಗ. ಒಂದು ಕಳೆದರೂ ಲೆಕ್ಕ ಕೊಡಬೇಕಲ್ಲ, ಪಾಪ, ಅವರನ್ನೇನು ಬೈಯೋದು?

ಪುಸ್ತಕ ಇರುವುದು ಬಳಸಲಿಕ್ಕೆ ಎನ್ನುವುದು ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಗ್ರಂಥಾಲಯಗಳಿಗಾಗಿ 1931ರಲ್ಲೇ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು. ಕೊನೆಗಾಲವನ್ನು ಅವರು ನಮ್ಮ ಬೆಂಗಳೂರಲ್ಲೇ ಕಳೆದರು. ಆ ಸೂತ್ರದ ಪುಸ್ತಕವೂ ಬೀರುವಿನೊಳಗೆ ಭದ್ರವಾಗಿರಬಹುದು.

ದುಡ್ಡಿಲ್ಲ ಅಂತೀರಾ? ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ಕರ್ನಾಟಕದಲ್ಲಿ 100 ರೂಪಾಯಿ ತೆರಿಗೆಗೆ 6 ರೂಪಾಯಿ ಗ್ರಂಥಾಲಯ ಕರ. ಪಾಲಿಕೆ ಅದನ್ನು ವಸೂಲಿ ಮಾಡಿ ಗ್ರಂಥಾಲಯ ಇಲಾಖೆಗೆ ಕೊಡಬೇಕು. ಬೆಂಗಳೂರಿನ ಬಾಕಿಯೇ ನೂರಾರು ಕೋಟಿ ಎಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಎರವಲು ತಂದ ಪುಸ್ತಕ ತಡವಾದರೆ ನಮಗೆ ದಂಡ ಬೀಳುತ್ತದೆ. ಪಾಲಿಕೆಗೆ ದಂಡ ಹಾಕುವ ಲೈಬ್ರೇರಿಯನ್ ಇನ್ನೂ ಹುಟ್ಟಿಲ್ಲ.

ಹಾಗಂತ ಗ್ರಂಥಾಲಯ ಖಾಲಿ ಇಲ್ಲ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು ಬೆಳಿಗ್ಗೆಯೇ ಜಾಗ ಹಿಡಿದಿರುತ್ತಾರೆ. ಗೈಡು ಅವರದೇ, ನೀರಿನ ಬಾಟಲಿ ಅವರದೇ. ಅವರಿಗೆ ಬೇಕಾದ್ದು ಕುರ್ಚಿ ಮತ್ತು ಫ್ಯಾನು ಮಾತ್ರ. ಇನ್ನು ಮನೆಯಲ್ಲಿ ಮಗು ಕಾದಂಬರಿ ಹಿಡಿದರೆ, 'ಸುಮ್ನೆ ಕತೆ ಪುಸ್ತಕ ಹಿಡ್ಕೊಂಡು ಕೂತಿದ್ದೀಯಲ್ಲ, ಹೋಗಿ ಓದ್ಕೋ!'

ಇಂಥ ದೇಶಕ್ಕೆ ಈಗ ಸಂತೋಷಕ್ಕಾಗಿ ಓದುವುದು ಅಭ್ಯಾಸವಾಗಬೇಕಂತೆ. ಆಗಲಿ. ನಮ್ಮ ಕಚೇರಿಗಳಿಗೆ ಇದೇನು ಕಷ್ಟ? ನಮೂನೆ ತಯಾರಾಗಿಯೇ ಇರುತ್ತದೆ, ಮೂರು ಪ್ರತಿಗಳಲ್ಲಿ: ಓದಿದ ಪುಟಗಳ ಸಂಖ್ಯೆ, ಆದ ಸಂತೋಷ (ಪೂರ್ಣ / ಭಾಗಶಃ / ಇಲ್ಲ), ಪೋಷಕರ ಸಹಿ. 'ಇಲ್ಲ' ಎಂದು ಬರೆದವರಿಗೆ ಶನಿವಾರ ವಿಶೇಷ ತರಗತಿ.