ಮೇಲಿನಿಂದ ಎಲ್ಲಾ ಸರಿಯಾಗೇ ಇದೆ

ಹೋದ ಭಾನುವಾರ ನಾನೂ ನನ್ನ ಎಂಟು ವರ್ಷದ ಮಗಳೂ ಸೇರಿ ನಮ್ಮೂರಿನ ವೈಮಾನಿಕ ಸಮೀಕ್ಷೆ ನಡೆಸಿದೆವು. ನಗಬೇಡಿ. ಪುಟ್ಟ ವಿಮಾನದಲ್ಲಿ ಒಂದು ಸುತ್ತು ಹೋಗಿ ಬಂದೆವು ಅಂತ ಬರೆದರೆ ಯಾರು ಓದುತ್ತಾರೆ? ಅದೇ ಸುತ್ತನ್ನು ದೊಡ್ಡವರು ಹಾಕಿದರೆ ಸಮೀಕ್ಷೆ, ನಾವು ಹಾಕಿದರೆ ಮೋಜು. ಅವರು ನೋಡೋದೂ ಕಿಟಕಿಯಿಂದಲೇ, ನಾವು ನೋಡಿದ್ದೂ ಕಿಟಕಿಯಿಂದಲೇ. ವ್ಯತ್ಯಾಸ ಇಷ್ಟೇ, ನಾವು ಕೆಳಗಿಳಿದಾಗ ಹೇಳಿಕೆ ಕೊಡಿ ಅಂತ ಯಾರೂ ಮೈಕ್ ಹಿಡಿದು ಓಡಿ ಬರಲಿಲ್ಲ. ಪರವಾಗಿಲ್ಲ, ಇಲ್ಲೇ ಕೊಟ್ಟುಬಿಡುತ್ತೇನೆ: ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ.

ವಿಮಾನ ಅಂದ್ರೆ ದೊಡ್ಡದೇನಲ್ಲ. ಸೆಸ್ನಾ 172. ಪೈಲಟ್ ಸೇರಿ ನಾಲ್ಕು ಸೀಟು, ಮೂತಿಗೊಂದು ಫ್ಯಾನು. 1955ರಲ್ಲಿ ಮೊದಲ ಸಲ ಹಾರಿದ ಮಾಡೆಲ್ಲು. ಇದುವರೆಗೆ 44,000ಕ್ಕೂ ಜಾಸ್ತಿ ತಯಾರಾಗಿವೆ, ಪ್ರಪಂಚದಲ್ಲಿ ಬೇರೆ ಯಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ರೆಕ್ಕೆ ನಮ್ಮ ತಲೆಯ ಮೇಲಿರುತ್ತದೆ, ಹಾಗಾಗಿ ಕೆಳಗೆ ನೋಡೋಕೆ ಏನೂ ಅಡ್ಡ ಬರೋದಿಲ್ಲ. ಸಮೀಕ್ಷೆಗೆ ಹೇಳಿ ಮಾಡಿಸಿದ ಗಾಡಿ.

ಹತ್ತುವ ಮೊದಲು ಪೈಲಟ್ ನಮ್ಮಿಬ್ಬರ ತೂಕ ಕೇಳಿದರು. ಪುಟ್ಟ ವಿಮಾನ ನೋಡಿ, ಯಾರು ಎಷ್ಟು ಭಾರ, ಎಲ್ಲಿ ಕೂರುತ್ತಾರೆ, ಎಷ್ಟು ಪೆಟ್ರೋಲ್ ಇದೆ, ಎಲ್ಲದರ ಲೆಕ್ಕ ಬೇಕು. ನಾನು ನನ್ನದನ್ನು ಸ್ವಲ್ಪ ಕಡಿಮೆ ಹೇಳಿದೆ. ಮಗಳು ಜೋರಾಗಿ "ಅಪ್ಪಾ, ಸುಳ್ಳು!" ಅಂದಳು. ಪೈಲಟ್ ಏನೂ ಮಾತಾಡದೆ ಹಳೇ ಅಂಕಿ ಹೊಡೆದು ಹಾಕಿ ಹೊಸದನ್ನು ಬರೆದುಕೊಂಡರು. ಅಂಕಿಅಂಶ ತಿದ್ದಿದ್ದು ಇಷ್ಟು ಬೇಗ ಸಿಕ್ಕಿಬಿದ್ದಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಶುರುವಾಯಿತು ನೋಡಿ, ಆ ಮನುಷ್ಯನ ಪ್ರದಕ್ಷಿಣೆ. ಕೈಯಲ್ಲಿ ಒಂದು ಚೆಕ್‌ಲಿಸ್ಟು. ಫ್ಯಾನಿನ ಅಂಚಿನ ಮೇಲೆ ಬೆರಳಾಡಿಸಿದರು, ಎಲ್ಲಾದರೂ ಚಕ್ಕೆ ಎದ್ದಿದೆಯಾ ಅಂತ. ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರು. ಏಣಿ ಹಾಕಿ ರೆಕ್ಕೆ ಮೇಲಿನ ಮುಚ್ಚಳ ತೆಗೆದು, ಒಳಗೆ ಕಡ್ಡಿ ಅದ್ದಿ ಪೆಟ್ರೋಲ್ ಅಳೆದರು. ಮೀಟರ್ ಇಲ್ವಾ ಅಂತ ಕೇಳಿದೆ. "ಇದೆ ಸಾರ್, ಆದ್ರೆ ಅದೊಂದನ್ನೇ ನಂಬೋದಿಲ್ಲ" ಅಂದರು. ಕೊನೆಗೆ ರೆಕ್ಕೆಯ ಕೆಳಗಿನಿಂದ ಒಂದು ಚೂರು ಪೆಟ್ರೋಲನ್ನು ಪಾರದರ್ಶಕ ನಳಿಗೆಗೆ ಇಳಿಸಿಕೊಂಡು ಬಿಸಿಲಿಗೆ ಹಿಡಿದರು. ತಿಳಿನೀಲಿ ಬಣ್ಣ. ನೀರೇನಾದರೂ ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದಂತೆ. ಮಗಳೂ ಒಂದು ಕಣ್ಣು ಮುಚ್ಚಿ ನೋಡಿದಳು.

"ಅಂಕಲ್, ಯಾಕೆ ಎಲ್ಲಾನೂ ಮುಟ್ಟಿ ಮುಟ್ಟಿ ನೋಡ್ತೀರಾ?"

"ಮೇಲೆ ಹೋದ್ಮೇಲೆ ಇಳಿದು ನೋಡೋಕಾಗಲ್ವಲ್ಲ ಪುಟ್ಟಿ."

ನನಗೆ ತಲೆ ಕೆಟ್ಟುಹೋಯಿತು. ಆಕಾಶದಲ್ಲಿ ಹಾರುವವನು ನೆಲದ ಮೇಲೆ ನಡೆದು, ಮಂಡಿಯೂರಿ, ಕೈ ಮಸಿ ಮಾಡಿಕೊಂಡು ಪರೀಕ್ಷೆ ಮಾಡುತ್ತಾನೆ. ನೆಲದ ಮೇಲಿನ ರಸ್ತೆ, ಚರಂಡಿ, ಕೆರೆ ನೋಡಿಕೊಳ್ಳಬೇಕಾದವರು ಅವನ್ನು ಪರೀಕ್ಷೆ ಮಾಡೋಕೆ ಆಕಾಶಕ್ಕೆ ಹೋಗುತ್ತಾರೆ! ಅಂದಹಾಗೆ ಈ ಚೆಕ್‌ಲಿಸ್ಟು ಸುಮ್ನೆ ಬಂದಿದ್ದಲ್ಲ. 1935ರಲ್ಲಿ ಬೋಯಿಂಗ್‌ನ ಮಾಡೆಲ್ 299 ಅನ್ನೋ ಹೊಸ ವಿಮಾನ ಪರೀಕ್ಷೆಗೆ ಅಂತ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ನಿಂತಿದ್ದಾಗ ಗಾಳಿಗೆ ಅಲ್ಲಾಡದಿರಲಿ ಅಂತ ಹಾಕಿದ್ದ ಲಾಕ್ ತೆಗೆಯೋದನ್ನು ಮರೆತಿದ್ದರು. ಅದರಿಂದ ಪಾಠ ಕಲಿತು ಪಟ್ಟಿ ಮಾಡಿಕೊಂಡರು. ಒಂದು ಸಲ ಬಿದ್ದಿದ್ದಕ್ಕೆ. ನಮ್ಮ ಬೀದಿಯ ಅದೇ ಗುಂಡಿಯಲ್ಲಿ ನಾನೊಬ್ಬನೇ ಮೂರು ಸಲ ಬಿದ್ದಿದ್ದೇನೆ, ಯಾರೂ ಏನೂ ಪಟ್ಟಿ ಮಾಡಿಕೊಂಡ ಹಾಗಿಲ್ಲ.

ಸರಿ, ಹಾರಿದೆವು. ಹೆಡ್‌ಫೋನು ಮಗಳಿಗೆ ದೊಡ್ಡದಾಗಿ ಕಿವಿಯಿಂದ ಕೆನ್ನೆಗೆ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಕಿಟಕಿಗೆ ಮೂಗು ಒತ್ತಿ ಕೂತಳು.

ಜನ ತುಂಬಿದ ಊರಿನ ಮೇಲೆ ಹೀಗೆ ಹಾರುವಾಗ, ಸುತ್ತ 600 ಮೀಟರಿನಲ್ಲಿರುವ ಅತಿ ಎತ್ತರದ ಕಟ್ಟಡಕ್ಕಿಂತಲೂ 300 ಮೀಟರ್, ಅಂದರೆ 1,000 ಅಡಿ ಮೇಲಿರಬೇಕು ಅನ್ನೋದು ಅಂತಾರಾಷ್ಟ್ರೀಯ ನಿಯಮ. ಇದು ಸುರಕ್ಷತೆಗೆ ಅಂತ ಮಾಡಿದ್ದು. ಆದರೆ ಸಮೀಕ್ಷೆಗೂ ಎಷ್ಟು ಅನುಕೂಲ ನೋಡಿ. ಚೆನ್ನಾಗಿರೋ ಕಣ್ಣಿಗೆ 300 ಮೀಟರ್ ದೂರದಿಂದ ಸುಮಾರು 9 ಸೆಂಟಿಮೀಟರಿಗಿಂತ ಚಿಕ್ಕ ವಿವರ ಬೇರೆಯಾಗಿ ಕಾಣೋದಿಲ್ಲ. ಅಂದರೆ ಒಂದಡಿ ಅಗಲದ ಗುಂಡಿ ಅಲ್ಲಿಂದ ಮೂರು ಚುಕ್ಕಿ. ಆಳ ಅಂತೂ ಗೊತ್ತಾಗುವ ಮಾತೇ ಇಲ್ಲ. ಅದರ ಮೇಲೆ ವಿಮಾನ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿದ್ದರೂ ಸೆಕೆಂಡಿಗೆ 50 ಮೀಟರ್ ಊರು ಹಿಂದೆ ಸರಿಯುತ್ತದೆ. ಒಂದು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟು ಗುಂಡಿ ಮುಚ್ಚಿದ ಹಾಗಾಯಿತು, ನೀವೇ ಲೆಕ್ಕ ಹಾಕಿ. ಯಾವ ಕಂಟ್ರಾಕ್ಟರೂ ಇಷ್ಟು ವೇಗವಾಗಿ ಮುಚ್ಚಿಲ್ಲ.

ನಿಜ ಹೇಳ್ತೀನಿ, ಊರು ಚೆಂದ ಕಾಣುತ್ತಿತ್ತು. ದಿನಾ ನನ್ನ ಪ್ರಾಣ ತಿನ್ನುವ ಟ್ರಾಫಿಕ್ಕು ಅಲ್ಲಿಂದ ಬಣ್ಣದ ಮಣಿಸರ. ಹಾರ್ನ್ ಕೇಳೋದಿಲ್ಲ, ವಾಸನೆ ಬರೋದಿಲ್ಲ. ಕಸದ ಬೆಟ್ಟದ ಮೇಲೆ ಬಿಸಿಲು ಬಿದ್ದು, ಯಾರೋ ಚಿಂದಿ ಸೇರಿಸಿ ಹೊಲಿದ ಕೌದಿ ಹರವಿದ ಹಾಗೆ. ವರ್ಷಕ್ಕೆ ನಾಲ್ಕು ಸಲ ಅಗೆಯುವ ನಮ್ಮ ಬೀದಿ? ಒಂದು ಗೆರೆ. ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ.

"ಅಪ್ಪಾ, ಅಲ್ನೋಡು, ಎಷ್ಟು ದೊಡ್ಡ ಗ್ರೌಂಡ್!"

ನೋಡಿದೆ. ಕೆರೆ. ದಡದಿಂದ ದಡಕ್ಕೆ ಅಂತರಗಂಗೆ ಹಬ್ಬಿ, ಒಂದಂಗುಲ ನೀರೂ ಕಾಣದ ಹಾಗೆ ನುಣ್ಣಗೆ ಹಸಿರು ಹಾಸಿತ್ತು. ಕೊಳಚೆ ನೀರು ಸೇರಿದಷ್ಟೂ ಆ ಗಿಡಕ್ಕೆ ಗೊಬ್ಬರ, ಅನುಕೂಲ ಸಿಕ್ಕರೆ ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತದೆ. ಅದು ಕೆರೆ ಪುಟ್ಟಿ ಅಂದೆ. ಅವಳು ನಂಬಲಿಲ್ಲ. ಪೈಲಟ್ ಕಡೆ ತಿರುಗಿ "ಅಂಕಲ್, ಅಲ್ಲಿ ಕ್ರಿಕೆಟ್ ಆಡಬಹುದಾ?" ಅಂತ ಕೇಳಿದಳು. ಮಗುವನ್ನು ಬೈದು ಏನು ಪ್ರಯೋಜನ? ಇದೇ ಕೆರೆಯ ಮೇಲೆ ಹಾರಿ ಹೋದ ಯಾರೋ ದೊಡ್ಡವರಿಗೂ ಹೀಗೇ ಅನ್ನಿಸಿ "ಹಸಿರು ಹೆಚ್ಚಾಗಿದೆ" ಅಂತ ಬರೆದುಕೊಂಡಿರಬಹುದು. ಸ್ವಲ್ಪ ಮುಂದೆ ಅವಳಿಗೆ ಇನ್ನೊಂದು ಪಾರ್ಕ್ ಕಂಡಿತು. ಅದು ಗೋದಾಮಿನ ಹಸಿರು ಶೀಟು.

ಇದು ನಮ್ಮೂರಿನ ಕಾಯಿಲೆ ಮಾತ್ರ ಅಂದುಕೊಂಡು ಯಾರೂ ಬೇಜಾರು ಮಾಡ್ಕೋಬೇಡಿ. 2005ರಲ್ಲಿ ಕತ್ರೀನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಊರಿನ ಹೆಚ್ಚುಭಾಗ ಮುಳುಗಿದಾಗ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ವಿಮಾನದ ಕಿಟಕಿಯಿಂದ ಇಣುಕಿ ನೋಡಿ ಹಾಗೇ ರಾಜಧಾನಿಗೆ ಹೋದರು. ಆ ಫೋಟೋ ಜಗತ್ತಿಗೆಲ್ಲ ಗೊತ್ತು. ಅದು ದೊಡ್ಡ ತಪ್ಪು ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಪಾಪ, ಅವರಿಗೆ ಅನುಭವ ಸಾಲದು. ಸಮೀಕ್ಷೆ ಮಾಡಿದ್ದನ್ನು ತಪ್ಪು ಅಂತ ಯಾರಾದರೂ ಒಪ್ಪಿಕೊಳ್ಳುತ್ತಾರಾ? ಇನ್ನೊಂದು ಸಲ ಸಮೀಕ್ಷೆ ಮಾಡಬೇಕು, ಅಷ್ಟೇ.

ಬ್ರೆಜಿಲ್ ಇನ್ನೂ ಮುಂದೆ ಹೋಯಿತು. 1960ರಲ್ಲಿ ಉದ್ಘಾಟನೆಯಾದ ರಾಜಧಾನಿ ಬ್ರೆಸಿಲಿಯಾವನ್ನು ಮೇಲಿನಿಂದ ನೋಡಿದರೆ ಊರೇ ಒಂದು ವಿಮಾನ. ಜನ ವಾಸಿಸುವ ಭಾಗಗಳ ಹೆಸರೇ ಉತ್ತರ ರೆಕ್ಕೆ, ದಕ್ಷಿಣ ರೆಕ್ಕೆ. ವಿಮಾನದ ಆಕಾರದ ಊರನ್ನು ಪೂರ್ತಿ ನೋಡಬೇಕಾದರೆ ವಿಮಾನವನ್ನೇ ಹತ್ತಬೇಕು, ಕೆಳಗೆ ನಡೆಯುವವನಿಗೆ ಅಗಲವಾದ ರಸ್ತೆ ದಾಟೋದೇ ಒಂದು ಪ್ರಯಾಣ. ಆದರೆ ನನ್ನ ಪ್ರಕಾರ ಆದರ್ಶ ಊರು ಅಂದ್ರೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕಟ್ಟಿದ್ದು. ಶತ್ರು ವಿಮಾನಗಳಿಗೆ ಗೊತ್ತಾಗದಿರಲಿ ಅಂತ ಅಲ್ಲಿನ ಬೋಯಿಂಗ್ ಕಾರ್ಖಾನೆಯ ಸೂರಿನ ಮೇಲೆ ಹಲಗೆ, ಗೋಣಿಬಟ್ಟೆ, ತಂತಿಬಲೆಯಿಂದ ಒಂದಿಡೀ ಬಡಾವಣೆಯನ್ನೇ ನಿಲ್ಲಿಸಿದ್ದರು. ಸಾಲುಮನೆ, ಬೀದಿ, ಮರ, ಎಲ್ಲಾ ಸುಳ್ಳು. ಚರಂಡಿ ಕಟ್ಟಿಕೊಳ್ಳೋದಿಲ್ಲ, ನಲ್ಲಿ ನಿಲ್ಲೋದಿಲ್ಲ, ದೂರು ಕೊಡೋಕೆ ಜನರೇ ಇಲ್ಲ. ಯುದ್ಧ ಮುಗಿದ ಮೇಲೆ ತೆಗೆದುಬಿಟ್ಟರು. ನಮ್ಮವರು ಆ ಕೆಲಸ ಮುಂದುವರಿಸಿದ್ದಾರೆ. ನಮ್ಮೂರಿನ ಮುಂದಿನ ಇಪ್ಪತ್ತು ವರ್ಷದ ಯೋಜನೆಯ ವಿಡಿಯೋ ನೋಡಿದ್ದೀರಾ? ಕ್ಯಾಮೆರಾ ಹಕ್ಕಿಯ ಹಾಗೆ ಹಾರುತ್ತದೆ, ಕೆಳಗೆ ಗಾಜಿನ ಕಟ್ಟಡ, ನೀಲಿ ನೀರು, ಜೋಡಿಜೋಡಿಯಾಗಿ ನಡೆಯುವ ನೆರಳಿಲ್ಲದ ಮನುಷ್ಯರು. ಆ ಕ್ಯಾಮೆರಾ ಒಂದು ಸಲವೂ ಫುಟ್‌ಪಾತಿಗೆ ಇಳಿಯಲಿಲ್ಲ. ಬುದ್ಧಿವಂತ ಕ್ಯಾಮೆರಾ.

ಇಳಿದ ಮೇಲೆ ಪೈಲಟ್ ಮತ್ತೆ ವಿಮಾನದ ಸುತ್ತ ಒಂದು ಸಲ ನಡೆದರು. ಚಕ್ರಕ್ಕೆ ಅಡ್ಡ ಇಟ್ಟು, ರೆಕ್ಕೆಗೆ ಹಗ್ಗ ಕಟ್ಟಿದರು. ಇನ್ನೂ ಏನು ನೋಡ್ತಾರಪ್ಪಾ, ಹಾರಿ ಬಂದಾಯ್ತಲ್ಲ ಅಂತ ನನಗೆ ಅನ್ನಿಸಿತು. ನಾನು ಊರಿನವನು ನೋಡಿ, ಉದ್ಘಾಟನೆ ಆದ ಮೇಲೆ ಯಾರಾದರೂ ತಿರುಗಿ ನೋಡೋದನ್ನು ಕಂಡು ಅಭ್ಯಾಸ ಇಲ್ಲ.

ಮನೆಗೆ ಬರೋಕೆ ಒಂದೂವರೆ ಗಂಟೆ ಹಿಡಿಯಿತು. ಮಣಿಸರದ ಒಳಗೆ ಸಿಕ್ಕಿಕೊಂಡಿದ್ದೆವು.

ಸಂಜೆ ಮಗಳಿಗೆ ರೂಮು ಕ್ಲೀನ್ ಮಾಡು ಅಂದೆ. ಬೆಳಗ್ಗೆಯಿಂದ ಐದನೇ ಸಲ. ಹತ್ತು ನಿಮಿಷ ಸದ್ದೇ ಇಲ್ಲ. ಪರವಾಗಿಲ್ವೇ, ಮಾಡ್ತಿದ್ದಾಳೆ ಅಂತ ಬಾಗಿಲು ತೆಗೆದರೆ, ಮಂಚದ ಮೇಲೆ ಸ್ಟೂಲ್ ಇಟ್ಟು, ಅದರ ಮೇಲೆ ನಿಂತಿದ್ದಾಳೆ. ಎರಡೂ ಕೈ ಕಣ್ಣಿಗೆ ದುರ್ಬೀನಿನ ಹಾಗೆ.

"ಇಳಿಯೇ ಕೆಳಗೆ! ಏನು ಮಾಡ್ತಿದ್ದೀಯಾ?"

"ಸಮೀಕ್ಷೆ ಅಪ್ಪಾ. ಆಗೋಯ್ತು. ಎಲ್ಲಾ ಸರಿಯಾಗೇ ಇದೆ."

ಅವಳನ್ನು ಹಿಡಿದುಕೊಳ್ಳೋಣ ಅಂತ ಎರಡು ಹೆಜ್ಜೆ ಮುಂದೆ ಇಟ್ಟೆ. ಜೋಡಿಸಿ ಆಡುವ ಆ ಪ್ಲಾಸ್ಟಿಕ್ ಇಟ್ಟಿಗೆ ಇರುತ್ತದಲ್ಲ, ಮೂಲೆ ಚೂಪಾಗಿರೋದು, ಅದು ಬರಿಗಾಲಿಗೆ ಸರಿಯಾಗಿ ನಾಟಿತು. ಕಿರುಚಿ, ಒಂಟಿಕಾಲಲ್ಲಿ ಕುಣಿದು, ಗೋಡೆ ಹಿಡಿದು ನಿಂತೆ. ಅವಳು ಸ್ಟೂಲ್ ಮೇಲಿಂದಲೇ ದುರ್ಬೀನನ್ನು ನನ್ನ ಕಡೆ ತಿರುಗಿಸಿ, ಕಣ್ಣು ಕಿರಿದು ಮಾಡಿಕೊಂಡು, ನಿಧಾನವಾಗಿ ನೋಡಿದಳು.

"ಇಲ್ಲಿಂದ ಏನೂ ಕಾಣಿಸ್ತಾ ಇಲ್ವಲ್ಲ ಅಪ್ಪಾ."