ಮೂರನೆಯ ದಿನದ ತೀರ್ಪು

“ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಮ್ಮ.” ಐಸಿಯು ಬಾಗಿಲ ಬಳಿ ವೈದ್ಯರು ಅಕ್ಕನಿಗೆ ಹೀಗೆ ಹೇಳಿದ್ದು ಭಾವ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಮೂರನೆಯ ದಿನ. ಆರು ವರ್ಷವಾಯಿತು. ಆ ಮಾತಿನ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಸಿಟ್ಟು ವೈದ್ಯರ ಮೇಲಲ್ಲ, ಅವರು ರಾತ್ರಿಯೆಲ್ಲ ಎದ್ದಿದ್ದವರು. ಮೂರೇ ದಿನಕ್ಕೆ ಬಂದ ಆ ಖಚಿತತೆಯ ಮೇಲೆ.

ನರ್ಸ್ ಬಂದು ಭಾವನ ರೆಪ್ಪೆ ಎತ್ತಿ ಟಾರ್ಚ್ ಬಿಡುತ್ತಿದ್ದರು, ಪಾಪೆ ಕುಗ್ಗುತ್ತದೆಯೇ ಎಂದು. ಆಮೇಲೆ ಉಗುರಿನ ಮೇಲೆ ಪೆನ್ನನ್ನು ಅಡ್ಡವಿಟ್ಟು ಬಲವಾಗಿ ಒತ್ತುತ್ತಿದ್ದರು. ನೋವಿಗೆ ಕೈ ಹಿಂದೆಳೆದುಕೊಂಡರೆ ನಾಲ್ಕು ಅಂಕ, ಒಳಕ್ಕೆ ಮಡಚಿ ಸೆಟೆದರೆ ಮೂರು, ನೇರ ಚಾಚಿ ಸೆಟೆದರೆ ಎರಡು, ಏನೂ ಆಗದಿದ್ದರೆ ಒಂದು. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೂಪಿಸಿದ, ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಮಾಪನ ಇದು. ಕಣ್ಣು, ಮಾತು, ಚಲನೆ ಮೂರೂ ಸೇರಿ 3ರಿಂದ 15. ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಪೆಟ್ಟು. ಭಾವನದು ಐದು. ಬಾಯಲ್ಲಿ ನಳಿಕೆ, ಮೈಯಲ್ಲಿ ನಿದ್ದೆಯ ಔಷಧ ಇರುವವರಿಗೆ ಮಾತಿನ ಅಂಕ ಎಲ್ಲಿಂದ ಬರಬೇಕು ಎಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ.

ವಯಸ್ಸು, ಚಲನೆಯ ಅಂಕ, ಪಾಪೆ, ಸಿ.ಟಿ. ಸ್ಕ್ಯಾನ್ ಇವನ್ನೆಲ್ಲ ಸೇರಿಸಿ ಆರು ತಿಂಗಳ ಭವಿಷ್ಯ ಲೆಕ್ಕ ಹಾಕುವ ಕ್ರ್ಯಾಶ್, ಇಂಪ್ಯಾಕ್ಟ್ ಎಂಬ ಸೂತ್ರಗಳಿವೆ. ಅವು ಸುಳ್ಳಲ್ಲ, ನೂರಾರು ರೋಗಿಗಳ ಗುಂಪಿಗೆ ಸಾಕಷ್ಟು ಹೊಂದುತ್ತವೆ. ಆದರೆ ನೂರರಲ್ಲಿ ಎಪ್ಪತ್ತು ಮಂದಿ ಉಳಿಯುವುದಿಲ್ಲ ಎಂದು ಬಂದರೂ ಮಂಚದ ಮೇಲಿರುವವರು ಆ ಎಪ್ಪತ್ತರಲ್ಲೋ ಉಳಿದ ಮೂವತ್ತರಲ್ಲೋ ಎಂಬುದನ್ನು ಸೂತ್ರ ಹೇಳುವುದಿಲ್ಲ. ಹೇಳುವವರು ನಾವು.

ಹೇಳಿದ್ದು ನಿಜವಾಗಿಬಿಡುವುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ತಲೆಗೆ ತೀವ್ರ ಪೆಟ್ಟಾಗಿ ಕೆನಡಾದ ಆರು ಆಸ್ಪತ್ರೆಗಳಿಗೆ ಸೇರಿದ್ದ 720 ರೋಗಿಗಳ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಲ್ಲಿ ಸತ್ತವರಲ್ಲಿ ಶೇ. 70ರಷ್ಟು ಮಂದಿ ಸತ್ತಿದ್ದು ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಂಡ ಮೇಲೆ. ಆ ಸಾವುಗಳಲ್ಲಿ ಅರ್ಧದಷ್ಟು ಮೊದಲ ಮೂರು ದಿನಗಳಲ್ಲಿ. ಹಿಂತೆಗೆದುಕೊಳ್ಳುವ ಪ್ರಮಾಣವೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ಬೇರೆ. ಹಾಗಾದರೆ ಸತ್ತಿದ್ದು ಪೆಟ್ಟಿನಿಂದಲೋ, ಊಹೆಯಿಂದಲೋ? ಇಂಥ ಸಾವುಗಳೂ ಮುಂದಿನ ಲೆಕ್ಕಕ್ಕೆ ಸೇರುತ್ತವೆ, ಲೆಕ್ಕ ಇನ್ನಷ್ಟು ಕಠೋರವಾಗುತ್ತದೆ.

ಅಮೆರಿಕದಲ್ಲಿ 2021ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಎರಡು ವಾರವಾದರೂ ಪ್ರಜ್ಞೆಯ ಸುಳಿವಿಲ್ಲದೆ ಮಲಗಿದ್ದು ಬದುಕುಳಿದ 79 ಮಂದಿಯಲ್ಲಿ 62 ಮಂದಿಗೆ ಒಂದು ವರ್ಷದೊಳಗೆ ಪ್ರಜ್ಞೆ ಮರಳಿತ್ತು. ಮೊದಲ 28 ದಿನಗಳಲ್ಲಿ ‘ಇಂಥವರೆಲ್ಲರ ಗತಿ ಇಷ್ಟೇ’ ಎಂಬ ಅರ್ಥದ ಮಾತು ಬೇಡ ಎಂದು ಅಲ್ಲಿನ ನರರೋಗ ತಜ್ಞರ ಸಂಘ 2018ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಹಾಗೆಂದು ‘ಪವಾಡ ನಡೆಯುತ್ತದೆ’ ಎಂದು ವಾಟ್ಸ್‌ಆ್ಯಪ್ ಕಳುಹಿಸುವವರನ್ನೂ ನಾನು ಸಹಿಸುವುದಿಲ್ಲ. ಎರಡೂ ಪಾಪೆ ಬೆಳಕಿಗೆ ಮಿಸುಕದೆ ದಿನಗಳೇ ಉರುಳಿದ ಮೇಲೆ ಕುಟುಂಬದ ಕಿವಿಯಲ್ಲಿ ಆಸೆ ತುಂಬುವುದು ದಯೆಯಲ್ಲ. ನನಗೆ ಬೇಕಿದ್ದದ್ದು ಒಂದೇ ಮಾತು: “ಈಗಲೇ ಹೇಳಲಾಗದು. ಎರಡು ವಾರ ಕಳೆಯಲಿ, ಮತ್ತೆ ನೋಡೋಣ.”

ಭಾವ ಕಣ್ಣು ಬಿಟ್ಟಿದ್ದು ಹತ್ತೊಂಬತ್ತನೆಯ ದಿನ. ಅಕ್ಕನ ಹೆಸರು ಬಾಯಿಗೆ ಬರಲು ಮತ್ತೆರಡು ತಿಂಗಳು. ಈಗ ನಡೆಯುತ್ತಾರೆ, ಪತ್ರಿಕೆ ಓದುತ್ತಾರೆ, ಕೆಲಸಕ್ಕೆ ಹೋಗಲಾಗುವುದಿಲ್ಲ. ವೈದ್ಯಕೀಯ ದಾಖಲೆಯಲ್ಲಿ ಇದಕ್ಕೆ ‘ಮಧ್ಯಮ ವೈಕಲ್ಯ’ ಎಂಬ ಹೆಸರು. ಸಂಶೋಧಕರು ಇದನ್ನು ಒಳ್ಳೆಯ ಫಲಿತಾಂಶದ ಪಟ್ಟಿಗೇ ಸೇರಿಸುತ್ತಾರೆ. ನಿನ್ನೆ ಸಂಜೆ ಬೈಕಿನ ಕೀಲಿ ಎಲ್ಲಿ ಎಂದು ಭಾವ ಮೂರು ಸಲ ಕೇಳಿದರು. ಬೈಕು ಮಾರಿ ಐದು ವರ್ಷವಾಗಿದೆ. ಮೂರು ಸಲವೂ ಅಕ್ಕ, “ಹುಡುಕುತ್ತೇನೆ ಇರಿ” ಎಂದಳು.